ರಿಪೇರಿ ಮೂಲೆ: ಪಂಪ್ ಕೋವಿಯಲ್ಲಿ ತೋಟೆ ಸಿಕ್ಕಿಕೊಂಡರೆ

ಕಳೆದ ತಿಂಗಳು ಬಾತ್‌ರೂಮಿನ ಫ್ಲಶ್ ಟ್ಯಾಂಕು ಸೋರೋದರ ಬಗ್ಗೆ ಬರೆದಿದ್ದೆ. ನಾಲ್ಕು ಜನ ಫೋನ್ ಮಾಡಿ, ಪ್ಲಂಬರ್ ಖರ್ಚು ಉಳೀತು ಅಂದ್ರು. ಸಂತೋಷ. ಈ ತಿಂಗಳು ಲೀಫ್ ಬ್ಲೋವರ್ ಬಗ್ಗೆ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಅದನ್ನ ಮುಂದಕ್ಕೆ ಹಾಕ್ತಾ ಇದ್ದೀನಿ, ಕ್ಷಮಿಸಿ. ಸೆಪ್ಟೆಂಬರ್ ಮೊದಲ ವಾರ ನನ್ನ ಕಣ್ಣೆದುರೇ ನಡೆದದ್ದನ್ನ ನೋಡಿದ ಮೇಲೆ ಇದನ್ನ ಮೊದಲು ಹೇಳಬೇಕು ಅನ್ನಿಸ್ತು.

ಜಾರ್ಜಿಯಾದಲ್ಲಿ ಪಾರಿವಾಳದ ಜಾತಿಯ ಡವ್ ಹಕ್ಕಿಯ ಶಿಕಾರಿ ಶುರುವಾಗೋದು ಸೆಪ್ಟೆಂಬರ್ ಹೊತ್ತಿಗೆ. ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಬರೋದೂ ಅದೇ ಹೊತ್ತಿಗೆ. ನಾಟಿ ಕೆಲಸ ಮುಗಿದಿರುತ್ತೆ, ಮನೆಯ ಕೋವಿ, ಕತ್ತಿ ಎಲ್ಲ ಒರೆಸಿ, ತೋಕ್ ಪೂ ಸಿಗಿಸಿ ಪೂಜೆ ಮಾಡ್ತಾರೆ. ನಾನು ಆ ಹಬ್ಬ ನೋಡ್ಕೊಂಡು ಬೆಳೆದವನು. ಹಾಗಾಗಿ ಸುವಾನಿ ಕಡೆಯ ಒಬ್ಬ ಗೆಳೆಯರು "ಬನ್ನಿ ಅಣ್ಣ, ಪರಿಚಯದವರ ಹೊಲಕ್ಕೆ ಹೋಗೋಣ, ನಿಮಗೂ ಊರು ನೆನಪಾಗುತ್ತೆ" ಅಂದಾಗ ಹೊರಟೆ. ಗೆಳೆಯರು ಹಾಸನದ ಕಡೆಯವರು, ಗ್ರೀನ್ ಕಾರ್ಡ್ ಆಗಿದೆ, ಲೈಸೆನ್ಸ್ ಎಲ್ಲ ಸರಿ ಇದೆ. ಅವರ ತಮ್ಮನೂ ಜೊತೆಗೆ ಬಂದಿದ್ದ. ಹುಡುಗ ಎಚ್-1ಬಿ ಮೇಲೆ ಬಂದು ಎರಡು ವರ್ಷ, ಸುಮ್ಮನೆ ನೋಡೋಕೆ ಅಂತ.

ಮೂರನೇ ಈಡಿಗೋ ನಾಲ್ಕನೇ ಈಡಿಗೋ ಗೆಳೆಯರ ಪಂಪ್ ಗನ್ ಸಿಕ್ಕಿಕೊಳ್ತು. ಮುಂದಿನ ಹಿಡಿ ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ. ಅವರು ಮೊದಲು ಹಿಡಿಯನ್ನ ಜಗ್ಗಿದ್ರು. ಆಮೇಲೆ ಗನ್ನನ್ನ ಎತ್ತಿ, ಅದರ ಬುಡವನ್ನ ನೆಲಕ್ಕೆ ಧಪ್ ಅಂತ ಕುಟ್ಟೋಕೆ ಹೋದ್ರು. ನಳಿಗೆಯ ಬಾಯಿ ಅವರ ಗದ್ದದ ಕೆಳಗೇ ಇತ್ತು. ನಾನು ಕೂಗಿದೆ, ನಿಲ್ಲಿಸಿದ್ರು. ಪುಣ್ಯ. ಅದಾದ ಮೇಲೆ, ಜೇಬಿನಿಂದ ಚಾಕು ತೆಗೆಯೋಕೆ ಕೈ ಬೇಕಲ್ಲ, ಗನ್ನನ್ನ ತಮ್ಮನ ಕಡೆ ಚಾಚಿ "ಒಂದ್ನಿಮಿಷ ಹಿಡ್ಕೊಳೋ" ಅಂದ್ರು. ನಾನು ಮಧ್ಯೆ ಕೈ ಹಾಕಿ ಇಸ್ಕೊಂಡೆ. "ಯಾಕಣ್ಣ, ಅವನೇನು ಮಗುವಾ?" ಅಂತ ಕೇಳಿದ್ರು.

ಒಂದೇ ನಿಮಿಷದೊಳಗೆ ಎರಡು ತಪ್ಪು. ಒಂದರಿಂದ ಪ್ರಾಣ ಹೋಗ್ತಿತ್ತು, ಇನ್ನೊಂದರಿಂದ ವೀಸಾ ಹೋಗ್ತಿತ್ತು. ಎರಡರ ಬಗ್ಗೆಯೂ ಬರೀತೀನಿ.

ಮೊದಲು ಪಂಪ್ ಗನ್ ಹೇಗೆ ಕೆಲಸ ಮಾಡುತ್ತೆ

ಊರಿನಲ್ಲಿ ನಮ್ಮ ಮನೆಯಲ್ಲಿದ್ದದ್ದು ಜೋಡು ನಳಿಗೆ ಕೋವಿ. ಕೀಲು ಸರಿಸಿ ಮಡಚಿದ್ರೆ ಎರಡು ತೋಟೆಯೂ ಕಣ್ಣಿಗೆ ಕಾಣುತ್ತೆ. ಖಾಲಿಯೋ ತುಂಬಿದೆಯೋ ಅನ್ನೋ ಅನುಮಾನವೇ ಇಲ್ಲ, ಸಿಕ್ಕಿಕೊಳ್ಳೋಕೆ ಒಳಗೆ ಹೆಚ್ಚು ಸಾಮಾನೂ ಇಲ್ಲ. ಪಂಪ್ ಗನ್ ಹಾಗಲ್ಲ. ಇಲ್ಲಿ ಜಾಸ್ತಿ ನೋಡೋಕೆ ಸಿಗೋದು ರೆಮಿಂಗ್ಟನ್ 870 ಮತ್ತು ಮಾಸ್‌ಬರ್ಗ್ 500. ರೆಮಿಂಗ್ಟನ್ 870 ಬಂದದ್ದು 1950ರಲ್ಲಿ, ಇವತ್ತಿಗೂ ತಯಾರಾಗ್ತಾ ಇದೆ. ಆ ಕಂಪನಿ ಈಗ ನಮ್ಮ ಜಾರ್ಜಿಯಾದ ಲಗ್ರೇಂಜ್ ಊರಿಗೇ ಬಂದಿದೆ.

ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆ, ಅದು ಮ್ಯಾಗಜೀನ್. ಅದರೊಳಗೆ ಉದ್ದನೆಯ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ತೋಟೆಯನ್ನ ನೂಕುವ ಒಂದು ಮುಚ್ಚಳ. ತೋಟೆಗಳು ಸಾಲಾಗಿ ಅದರಲ್ಲಿ ಮಲಗಿರ್ತವೆ. ಅವು ತಾವಾಗಿಯೇ ಹಿಂದಕ್ಕೆ ನುಗ್ಗದಂತೆ ತಡೆಯೋಕೆ ಎರಡು ಸಣ್ಣ ಚಿಲಕ ಇವೆ. ಒಂದು ಚಿಲಕ ಒಂದು ತೋಟೆಯನ್ನ ಬಿಡುವಾಗ ಇನ್ನೊಂದು ಚಿಲಕ ಅದರ ಹಿಂದಿನದನ್ನ ತಡೆಯುತ್ತೆ. ಬಸ್ಸಿಗೆ ಒಬ್ಬೊಬ್ಬರನ್ನೇ ಹತ್ತಿಸೋ ಕಂಡಕ್ಟರ್ ಹಾಗೆ.

ಈಡು ಹೊಡೆದ ಮೇಲೆ ಮುಂದಿನ ಹಿಡಿಯನ್ನ ಹಿಂದಕ್ಕೆ ಎಳೀತೀರಿ. ಆಗ ಬೋಲ್ಟ್ ಹಿಂದೆ ಸರಿಯುತ್ತೆ, ಅದರ ಉಗುರಿನಂಥ ಕೊಕ್ಕೆ ಖಾಲಿ ತೋಟೆಯ ಅಂಚನ್ನ ಹಿಡಿದು ಎಳೆದು ತರುತ್ತೆ, ಎಜೆಕ್ಟರ್ ಅದನ್ನ ಪಕ್ಕದ ಕಿಂಡಿಯಿಂದ ಆಚೆ ಎಸೆಯುತ್ತೆ. ಹಿಡಿ ಪೂರ್ತಿ ಹಿಂದೆ ಬಂದ ಮೇಲೆ ಚಿಲಕ ಹೊಸ ತೋಟೆಯನ್ನ ಬಿಡುತ್ತೆ. ಅದು ಲಿಫ್ಟರ್ ಅನ್ನೋ ತಗಡಿನ ಮೇಲೆ ಬಂದು ಕೂರುತ್ತೆ. ಹಿಡಿಯನ್ನ ಮುಂದಕ್ಕೆ ನೂಕಿದಾಗ ಲಿಫ್ಟರ್ ತೋಟೆಯನ್ನ ಮೇಲಕ್ಕೆ ಎತ್ತುತ್ತೆ, ಬೋಲ್ಟ್ ಅದನ್ನ ನಳಿಗೆಯೊಳಗೆ ಕೂರಿಸಿ ಬೀಗ ಹಾಕಿಕೊಳ್ಳುತ್ತೆ. ಎಳೆತ, ನೂಕು, ಇಷ್ಟೇ. ಈ ಸಾಲಿನಲ್ಲಿ ಎಲ್ಲಿ ತಪ್ಪಿತು ಅಂತ ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ.

ಸಿಕ್ಕಿಕೊಂಡ ತಕ್ಷಣ

ಮೊದಲು ಕೈಯಲ್ಲ, ತಲೆ ಓಡಿಸಿ. ಸಿಕ್ಕಿಕೊಂಡ ಗನ್ ಅಂದ್ರೆ ತುಂಬಿದ ಗನ್ ಅಂತಲೇ ತಿಳ್ಕೊಳ್ಳಿ. ನಳಿಗೆಯ ಬಾಯಿ ಜನ ಇಲ್ಲದ ಕಡೆಗೇ ಇರಲಿ. ರೇಂಜಿನಲ್ಲಿದ್ರೆ ಗುರಿಯ ಕಡೆಗೇ ಇರಲಿ, ತಿರುಗಿ ನಿಂತು ಪಕ್ಕದವರಿಗೆ ತೋರಿಸೋಕೆ ಹೋಗಬೇಡಿ. ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನ ಕರೀರಿ. ಬೆರಳು ಕುದುರೆಯಿಂದ ಆಚೆ. ಸೇಫ್ಟಿ ಹಾಕಿ. 870ರಲ್ಲಿ ಅದು ಕುದುರೆಯ ಹಿಂದಿನ ಅಡ್ಡ ಗುಂಡಿ, ಮಾಸ್‌ಬರ್ಗ್‌ನಲ್ಲಿ ಬೆನ್ನ ಮೇಲೆ ಹೆಬ್ಬೆರಳಿಗೆ ಸಿಗುತ್ತೆ.

ಕುದುರೆ ಎಳೆದಾಗ ಬರೀ 'ಟಿಕ್' ಅಂದು ಈಡು ಹೋಗದೇ ಇದ್ರೆ ತಕ್ಷಣ ತೆಗೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳೋದು ಉಂಟು. ಕನಿಷ್ಠ 30 ಸೆಕೆಂಡು ಹಾಗೇ ಹಿಡ್ಕೊಳ್ಳಿ, ನಾನಂತೂ ಒಂದು ನಿಮಿಷ ಕಾಯ್ತೀನಿ. ಎಂದಿನಂತೆ 'ಢಂ' ಅನ್ನದೆ 'ಪುಸ್' ಅಂತ ಸಣ್ಣ ಸದ್ದು ಬಂದ್ರೆ ಅವತ್ತಿನ ಶಿಕಾರಿ ಅಲ್ಲಿಗೇ ಮುಗೀತು. ಒಳಗಿನ ಸಾಮಾನು ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದ್ರೆ ನಳಿಗೆ ಸೀಳುತ್ತೆ. ಎಲ್ಲ ತೋಟೆ ತೆಗೆದು, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡೋ ತನಕ ಮತ್ತೆ ತುಂಬಬಾರದು.

ಬುಡವನ್ನ ನೆಲಕ್ಕೆ ಕುಟ್ಟೋದು ಬೇಡವೇ ಬೇಡ. ಕೆಲವರು ಇದನ್ನ ದೊಡ್ಡ ವಿದ್ಯೆ ಅಂತ ಹೇಳಿಕೊಡ್ತಾರೆ. ಹಾಗೆ ಕುಟ್ಟೋವಾಗ ನಳಿಗೆ ನೆಟ್ಟಗೆ ಮೇಲಕ್ಕಿರುತ್ತೆ, ನಿಮ್ಮ ಮುಖ ಅದರ ಹತ್ತಿರ ಇರುತ್ತೆ, ಒಳಗೆ ಜೀವ ಇರುವ ತೋಟೆ ಇದೆಯೋ ಇಲ್ಲವೋ ನಿಮಗೆ ಗೊತ್ತಿರಲ್ಲ.

ಐದು ಕಾರಣ, ಹೆಚ್ಚಾಗಿ ಆಗುವ ಕ್ರಮದಲ್ಲಿ

ಒಂದು: ಅದು ಸಿಕ್ಕಿಕೊಂಡೇ ಇಲ್ಲ. ನಗಬೇಡಿ, ಹೊಸಬರಲ್ಲಿ ಇದೇ ಜಾಸ್ತಿ. ತೋಟೆ ತುಂಬಿ ಹಿಡಿ ಮುಂದೆ ನೂಕಿದ ಮೇಲೆ, ಈಡು ಹೊಡೆಯೋ ತನಕ ಹಿಡಿ ಬೀಗ ಹಾಕಿಕೊಂಡಿರುತ್ತೆ. ಅದು ಇರಬೇಕಾದ ರೀತಿಯೇ ಹಾಗೆ. ಈಡು ಹೊಡೆಯದೇ ತೆಗೆಯಬೇಕು ಅಂದ್ರೆ ಬಿಡಿಸುವ ಒಂದು ಸಣ್ಣ ಕೀಲು ಇದೆ. 870ರಲ್ಲಿ ಕುದುರೆಯ ಬಳೆಯ ಮುಂದೆ ಎಡಗಡೆ, ಮಾಸ್‌ಬರ್ಗ್‌ನಲ್ಲಿ ಬಳೆಯ ಹಿಂದೆ ಎಡಗಡೆ. ಅದನ್ನ ಒತ್ತಿ ಹಿಡಿದು ಎಳೀರಿ. ಬಂತೋ, ಮುಗೀತು.

ಎರಡು: ಅರ್ಧ ಎಳೆತ. ಸಿಕ್ಕಿಕೊಳ್ಳೋದಕ್ಕೆ ನಿಜವಾದ ದೊಡ್ಡ ಕಾರಣ ಇದೇ, ತಪ್ಪು ಗನ್ನಿನದಲ್ಲ, ಕೈಯದು. ಹಕ್ಕಿ ಹಾರ್ತಾ ಇದೆ, ಆತುರ, ಹಿಡಿ ಮುಕ್ಕಾಲು ಬರೋ ಹೊತ್ತಿಗೇ ಮುಂದಕ್ಕೆ ನೂಕಿಬಿಡ್ತೀವಿ. ಆಗ ಖಾಲಿ ತೋಟೆ ಕಿಂಡಿಯಿಂದ ಆಚೆ ಹೋಗಿರಲ್ಲ, ಇಲ್ಲಾಂದ್ರೆ ಹೊಸ ತೋಟೆ ಬಂದೇ ಇರಲ್ಲ, ಇಲ್ಲಾಂದ್ರೆ ಎರಡೂ ಅಲ್ಲೇ ಒಂದರ ಮೇಲೊಂದು ಬಿದ್ದಿರ್ತವೆ. ಬಿಡಿಸೋದು ಹೀಗೆ: ಹಿಡಿಯನ್ನ ಪೂರ್ತಿ ಹಿಂದಕ್ಕೆ ಎಳೆದು ಅಲ್ಲೇ ಹಿಡ್ಕೊಳ್ಳಿ. ಗನ್ನನ್ನ ಪಕ್ಕಕ್ಕೆ ವಾಲಿಸಿ ಕಿಂಡಿ ನೆಲ ನೋಡೋ ಹಾಗೆ ಮಾಡಿ. ಖಾಲಿ ತೋಟೆ ತಾನಾಗಿ ಬೀಳುತ್ತೆ. ಇನ್ನೊಂದು ತೋಟೆ ಅಡ್ಡ ಇದ್ರೆ ಬೆರಳಿನಿಂದ ತೆಗೀರಿ, ಚಾಕು, ಸ್ಕ್ರೂಡ್ರೈವರ್ ಬೇಡ. ತೋಟೆಯ ತಳದ ನಡುವೆ ಇರುವ ಪ್ರೈಮರಿಗೆ ಚೂಪಾದದ್ದು ತಾಗಬಾರದು. ಬೋಲ್ಟ್ ಮುಂದಕ್ಕೆ ಹಾರದ ಹಾಗೆ ಇನ್ನೊಂದು ಕೈ ಹಿಡಿಯನ್ನ ಬಿಡದೇ ಇರಲಿ, ಬೆರಳು ಜಜ್ಜಿಹೋದೀತು. ನಮ್ಮ ಹಾಸನದ ಗೆಳೆಯರ ಗನ್ನಿನಲ್ಲಿ ಆಗಿದ್ದದ್ದೂ ಇದೇ. ನಾನು ಬಿಡಿಸಿದಾಗ ಒಂದು ಖಾಲಿ, ಒಂದು ತುಂಬಿದ ತೋಟೆ ಕೆಳಗೆ ಬಿದ್ವು. ತುಂಬಿದ್ದನ್ನ ನೋಡಿ ಅವರ ಮುಖ ಬಿಳಿಚಿಹೋಯ್ತು.

ಇದಕ್ಕೆ ಮದ್ದು ಅಭ್ಯಾಸ. ಡಮ್ಮಿ ತೋಟೆ ಅಂತ ಸಿಗ್ತವೆ, ಮದ್ದೂ ಇಲ್ಲ, ಗುಂಡೂ ಇಲ್ಲ. ನಿಜವಾದ ತೋಟೆಗಳನ್ನೆಲ್ಲ ಇನ್ನೊಂದು ರೂಮಿನಲ್ಲಿಟ್ಟು, ಗೋಡೆಯ ಕಡೆ ಹಿಡಿದು ದಿನಕ್ಕೆ ಹತ್ತು ಸಲ ಪಂಪ್ ಮಾಡಿ. ಹಿಂದೆ ಬಂದಾಗಲೂ ಮುಂದೆ ಹೋದಾಗಲೂ 'ಠಕ್' ಅಂತ ತುದಿ ಮುಟ್ಟಬೇಕು. ಅಕ್ಕಿ ರೊಟ್ಟಿ ತಟ್ಟೋದು ಕೈಗೆ ಬಂದ ಹಾಗೆ ಇದೂ ಬರಬೇಕು.

ಮೂರು: ತುಂಬೋವಾಗ ಅರ್ಧ ನೂಕಿದ್ದು. ತೋಟೆಯನ್ನ ಮ್ಯಾಗಜೀನಿಗೆ ಹೆಬ್ಬೆರಳಿನಿಂದ ನೂಕುವಾಗ ಚಿಲಕ 'ಟಿಕ್' ಅಂತ ಬಿದ್ದ ಸದ್ದು ಕೇಳಬೇಕು. ಕೇಳದೇ ಬೆರಳು ತೆಗೆದ್ರೆ ತೋಟೆ ಹಿಂದಕ್ಕೆ ಜಾರಿ ಲಿಫ್ಟರಿನ ಮೇಲೆ ಬಂದು ಕೂರುತ್ತೆ. ಬೋಲ್ಟ್ ಮುಚ್ಚಿದ್ದಾಗ ಹೀಗಾದ್ರೆ ಹಿಡಿ ಅಲ್ಲಾಡೋದೇ ಇಲ್ಲ. ಕೀಲು ಒತ್ತಿಕೊಂಡು ಗಟ್ಟಿಯಾಗಿ ಒಮ್ಮೆ ಎಳೆದ್ರೆ ಈಚಿನ ಗನ್ನುಗಳಲ್ಲಿ ಬಿಡೋದುಂಟು. ಹಳೇ ಕಾಲದ 870ಗಳಲ್ಲಿ ಬಿಡಲ್ಲ. ನಳಿಗೆಯಲ್ಲೂ ಒಂದು ತೋಟೆ ಇರಬಹುದು, ಹಾಗಾಗಿ ಬಲವಂತ ಮಾಡಬೇಡಿ. ಗನ್‌ಸ್ಮಿತ್ ಕೈಗೆ ಬಿಡಿ. ಆದ್ರೆ ಹಾಗೇ ಕಾರಿಗೆ ಹಾಕ್ಕೊಂಡು ಹೋಗಿಬಿಡಬೇಡಿ. ಮೊದಲು ಫೋನ್ ಮಾಡಿ "ಒಳಗೆ ತೋಟೆ ಸಿಕ್ಕಿಕೊಂಡಿದೆ, ಏನು ಮಾಡ್ಲಿ" ಅಂತ ಕೇಳಿ.

ತುಂಬೋದು ಸರಿ ಇದ್ರೂ ಒಂದರ ಹಿಂದೆ ಎರಡು ತೋಟೆ ನುಗ್ಗಿ ಬರ್ತಾ ಇದ್ರೆ ಚಿಲಕ ಸವೆದಿದೆ, ಸಡಿಲ ಆಗಿದೆ, ಇಲ್ಲಾ ಕೊಳೆ ಕಟ್ಟಿದೆ. ಕೊಳೆ ನೀವು ತೆಗೀಬಹುದು. ಚಿಲಕ ಬದಲಾಯಿಸೋದು ತಿಳಿದವರ ಕೆಲಸ.

ನಾಲ್ಕು: ಮ್ಯಾಗಜೀನಿನಿಂದ ತೋಟೆ ಬರೋದೇ ಇಲ್ಲ. ಹಿಡಿ ಸಲೀಸಾಗಿ ಓಡುತ್ತೆ, ಆದ್ರೆ ಖಾಲಿ ಓಡುತ್ತೆ. ಕೊಳವೆಯೊಳಗೆ ತುಕ್ಕು, ಗಟ್ಟಿಯಾದ ಹಳೇ ಎಣ್ಣೆ, ಸೋತ ಸ್ಪ್ರಿಂಗು, ಇಲ್ಲಾ ಎಲ್ಲೋ ಬಿದ್ದು ಕೊಳವೆ ನೆಗ್ಗಿದೆ. ಇನ್ನೊಂದು ಇದೆ. ಡವ್, ಬಾತುಕೋಳಿ ಥರದ ವಲಸೆ ಹಕ್ಕಿಗಳ ಶಿಕಾರಿಗೆ ಗನ್ನಿನಲ್ಲಿ ಒಟ್ಟು ಮೂರು ತೋಟೆಗಿಂತ ಹೆಚ್ಚು ಹಿಡಿಯಬಾರದು ಅಂತ ಫೆಡರಲ್ ನಿಯಮ. ಅದಕ್ಕೇ ಕೊಳವೆಯೊಳಗೆ ಒಂದು ಕಡ್ಡಿ ಹಾಕ್ತಾರೆ, ಪ್ಲಗ್ ಅಂತಾರೆ. ಅದನ್ನ ಓರೆಯಾಗಿ ಕೂರಿಸಿದ್ರೆ ಸ್ಪ್ರಿಂಗು ಸಿಕ್ಕಿಕೊಳ್ಳುತ್ತೆ. ಹಾಗಂತ ಪ್ಲಗ್ ಕಿತ್ತು ಬಿಸಾಕಿ ಹೊಲಕ್ಕೆ ಹೋಗಬೇಡಿ, ವಾರ್ಡನ್ ಬಂದ್ರೆ ಮೊದಲು ನೋಡೋದೇ ಅದನ್ನ. ಕೊಳವೆ ಬಿಚ್ಚೋವಾಗ ಕನ್ನಡಕ ಹಾಕ್ಕೊಳ್ಳಿ. ಸ್ಪ್ರಿಂಗು ಹಾವಿನ ಹಾಗೆ ಹಾರಿ ಬರುತ್ತೆ.

ಐದು: ಖಾಲಿ ತೋಟೆ ನಳಿಗೆಗೇ ಅಂಟಿಕೊಳ್ಳೋದು. ಈಡು ಹೋಯ್ತು, ಎಳೆದ್ರೆ ಬರ್ತಾ ಇಲ್ಲ. ಕಡಿಮೆ ಬೆಲೆಯ ತೋಟೆಗಳ ತಳಕ್ಕೆ ಹಿತ್ತಾಳೆ ಬದಲು ಉಕ್ಕಿನ ತಗಡು ಹಾಕಿರ್ತಾರೆ. ಈಡಿನ ಬಿಸಿಗೆ, ಒತ್ತಡಕ್ಕೆ ಹಿಗ್ಗಿದ ಉಕ್ಕು ಹಿತ್ತಾಳೆಯಷ್ಟು ಚೆನ್ನಾಗಿ ಕುಗ್ಗಲ್ಲ. ನಳಿಗೆಯ ಬುಡದ ಭಾಗ ಒರಟಾಗಿದ್ರೆ, ತುಕ್ಕಿದ್ರೆ, ಕರಗಿದ ಪ್ಲಾಸ್ಟಿಕ್ ಹತ್ತಿದ್ರೆ ಕಚ್ಚಿಕೊಳ್ಳುತ್ತೆ. ಜಾರ್ಜಿಯಾದ ಬೇಸಿಗೆಯ ತೇವ ನಿಮಗೆ ಗೊತ್ತಲ್ಲ, ಕ್ಲಾಸೆಟ್ಟಿನಲ್ಲಿಟ್ಟ ಬೆಲ್ಟಿಗೇ ಬೂಸ್ಟು ಬರುತ್ತೆ. ನಳಿಗೆಯ ಬುಡವನ್ನ ಕ್ಲೀನಿಂಗ್ ದ್ರಾವಣ ಹಾಕಿ ಬ್ರಶ್‌ನಿಂದ ಚೆನ್ನಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಬೋಲ್ಟಿನ ಕೊಕ್ಕೆಯ ಸಂದಿಯ ಕೊಳೆಯನ್ನ ಹಳೇ ಹಲ್ಲುಜ್ಜೋ ಬ್ರಶ್‌ನಿಂದ ತೆಗೀರಿ. ಆಮೇಲೆ ಹಿತ್ತಾಳೆ ತಳದ ತೋಟೆ ಹಾಕಿ ನೋಡಿ. ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತೆ. ಮುಗೀದಿದ್ರೆ ನಳಿಗೆ ನುಣುಪು ಮಾಡಿಸಬೇಕು. ಮನೆಯಲ್ಲಿ ಮರಳು ಕಾಗದ ಹಿಡಿದು ಕೂರಬೇಡಿ.

ತೋಟೆಯ ಅಳತೆ

ಇದನ್ನ ಬೇರೆಯಾಗಿ ಹೇಳ್ತೀನಿ, ಯಾಕಂದ್ರೆ ಇದು ಬರೀ ಸಿಕ್ಕಿಕೊಳ್ಳೋ ಮಾತಲ್ಲ. ನಳಿಗೆಯ ಮೇಲೆ ಗೇಜು, ಉದ್ದ ಕೆತ್ತಿರ್ತಾರೆ. ಎರಡೂ ಮುಕ್ಕಾಲು ಇಂಚು ಅಂತಿದ್ರೆ ಮೂರು ಇಂಚಿನ ತೋಟೆ ಹಾಕಬಾರದು. ಅದು ಒಳಗೆ ಹೋಗುತ್ತೆ, ಯಾಕಂದ್ರೆ ಪೆಟ್ಟಿಗೆ ಮೇಲೆ ಬರೆದಿರೋ ಉದ್ದ ಈಡು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಬಾಯಿ ಬಿಚ್ಚಿಕೊಳ್ಳೋಕೆ ಒಳಗೆ ಜಾಗ ಸಾಲದಿದ್ರೆ ಒತ್ತಡ ಏರುತ್ತೆ. ಮಿನಿ ತೋಟೆ ಅಂತ ಗಿಡ್ಡ ತೋಟೆಗಳೂ ಬಂದಿವೆ, ಬಹಳಷ್ಟು ಪಂಪ್ ಗನ್ನುಗಳಲ್ಲಿ ಅವು ಅಡ್ಡ ತಿರುಗಿ ಸಿಕ್ಕಿಕೊಳ್ತವೆ.

ಎಲ್ಲಕ್ಕಿಂತ ಅಪಾಯ 12 ಗೇಜಿನ ಗನ್ನಿಗೆ 20 ಗೇಜಿನ ತೋಟೆ ಬಿದ್ದರೆ. 20 ಅಂದ್ರೆ 12ಕ್ಕಿಂತ ಸಣ್ಣದು. ಅದು ನಳಿಗೆಯೊಳಗೆ ಜಾರಿ ಮುಂದೆ ಹೋಗಿ ನಿಲ್ಲುತ್ತೆ. ನೀವು 'ತೋಟೆ ಬಂದಿಲ್ಲ' ಅಂದುಕೊಂಡು ಹಿಂದಿನಿಂದ 12ರ ತೋಟೆ ಹಾಕಿ ಹೊಡೆದ್ರೆ ನಳಿಗೆ ಸಿಡಿಯುತ್ತೆ, ಎಡಗೈ ಇರೋದು ಅಲ್ಲೇ. 20 ಗೇಜಿನವು ಸಾಮಾನ್ಯವಾಗಿ ಹಳದಿ ಬಣ್ಣ. ಎರಡನ್ನೂ ಒಂದೇ ಚೀಲಕ್ಕೆ, ಒಂದೇ ಜೇಬಿಗೆ ಹಾಕಬೇಡಿ.

ಈಗ ಆ ತಮ್ಮನ ವಿಷಯ

ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯ್ತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನ ಎತ್ತಿಹಿಡೀತು. ಆ ಗಾಳಿಯಲ್ಲಿ ಬೆಳೆದ ನಮ್ಮಂಥವರಿಗೆ ಕೋವಿ ಮುಟ್ಟೋದು ಒಂದು ವಿಷಯವೇ ಅಲ್ಲ. ಇಲ್ಲಿಗೆ ಬಂದ ಮೇಲೆ, ಗನ್ ಅಂಗಡಿಗಳನ್ನ ನೋಡಿದ ಮೇಲೆ, ಇಲ್ಲಿ ಯಾರು ಬೇಕಾದ್ರೂ ಹಿಡೀಬಹುದು ಅಂತ ಅನ್ನಿಸುತ್ತೆ. ಹಾಗಿಲ್ಲ.

ಎಚ್-1ಬಿ, ಎಚ್-4, ಎಲ್-1, ಎಫ್-1, ವಿಸಿಟರ್ ಹೀಗೆ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲೀ ತೋಟೆಯನ್ನಾಗಲೀ ತಮ್ಮ ಬಳಿ ಇಟ್ಟುಕೊಳ್ಳೋದು ಫೆಡರಲ್ ಅಪರಾಧ. ಕಾನೂನಿನ ಪುಸ್ತಕದ 18ನೇ ಶೀರ್ಷಿಕೆ, 922ನೇ ಸೆಕ್ಷನ್. 2022ರಿಂದ ಶಿಕ್ಷೆ 15 ವರ್ಷದ ತನಕ. ಸ್ವಂತದ್ದಾಗಿರಬೇಕು ಅಂತಿಲ್ಲ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆದ್ರೂ ಅಷ್ಟೇ. "ಒಂದ್ನಿಮಿಷ ಹಿಡ್ಕೊಳೋ" ಅಂತ ಕೊಟ್ಟಿದ್ದು ಮಾಮೂಲಿ ಮಾತು ನಮಗೆ, ವಕೀಲರಿಗೆ ಅಲ್ಲ. ಆ ಒಂದು ನಿಮಿಷದಲ್ಲಿ ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರೆ ಸಾಕ್ಷಿಯೂ ತಯಾರು.

ಒಂದು ವಿನಾಯ್ತಿ ಇದೆ. ಅಮೆರಿಕದ ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ಆ ನಿಷೇಧ ಅನ್ವಯ ಆಗಲ್ಲ. ಜಾರ್ಜಿಯಾದಲ್ಲಿ 1961ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅದಕ್ಕೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಕೋರ್ಸ್ ಮಾಡಿ, ಲೈಸೆನ್ಸ್ ತಗೊಳ್ಳಿ, ಜೇಬಿನಲ್ಲಿಟ್ಕೊಳ್ಳಿ, ಒಬ್ಬ ಇಮಿಗ್ರೇಶನ್ ವಕೀಲರನ್ನ ಕೇಳಿ. ಆಮೇಲೆ ಮುಟ್ಟಿ, ಅದಕ್ಕೆ ಮೊದಲು ಬೇಡ. ಕೆಲಸ ಹೋಗಿ, ಅವಧಿ ಮೀರಿ, ಸ್ಟೇಟಸ್ಸೇ ಇಲ್ಲದವರಿಗೆ ಹಂಟಿಂಗ್ ಲೈಸೆನ್ಸಿನ ವಿನಾಯ್ತಿಯೂ ಕೆಲಸಕ್ಕೆ ಬರಲ್ಲ. 2019ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋದ ರೆಹೈಫ್ ಪ್ರಕರಣ ಇಂಥದ್ದೇ. ಫ್ಲೋರಿಡಾಕ್ಕೆ ಓದೋಕೆ ಬಂದ ಹುಡುಗ, ಕಾಲೇಜಿನಿಂದ ಹೆಸರು ತೆಗೆದ ಮೇಲೂ ಇಲ್ಲೇ ಇದ್ದ, ರೇಂಜಿಗೆ ಹೋಗಿ ಗುಂಡು ಹೊಡೆದ. ತನಗೆ ಸ್ಟೇಟಸ್ ಇಲ್ಲ ಅನ್ನೋದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟು ಹೇಳಿತು. ಆದ್ರೆ ಅಷ್ಟು ಹೇಳಿಸೋ ಹೊತ್ತಿಗೆ ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯೇ ಆಗಿಹೋಗಿತ್ತು. ಅಲ್ಲದೆ ತನ್ನ ವೀಸಾ ಏನು ಅಂತ ಗೊತ್ತಿಲ್ಲ ಅಂತ ನಮ್ಮ ಎಚ್-1ಬಿ ಹುಡುಗರು ಹೇಳೋಕಾಗುತ್ತಾ? ತಾರೀಖು ಸಮೇತ ಬಾಯಿಪಾಠ ಇರುತ್ತೆ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಆದ್ರೆ ಬಂದೂಕಿನ ಅಪರಾಧ ಸಾಬೀತಾದ್ರೆ ಗ್ರೀನ್ ಕಾರ್ಡಿನವರನ್ನೂ ಗಡೀಪಾರು ಮಾಡಬಹುದು. ಒಂದೇ ಮನೆಯಲ್ಲಿ ಅಣ್ಣ ಗ್ರೀನ್ ಕಾರ್ಡು, ತಮ್ಮ ಎಚ್-1ಬಿ ಇದ್ರೆ ಗನ್ನೂ ತೋಟೆಯೂ ಬೀಗದೊಳಗಿರಲಿ, ಬೀಗದ ಕೈ ಅಣ್ಣನ ಹತ್ತಿರ ಮಾತ್ರ ಇರಲಿ. ಮಕ್ಕಳಿರೋ ಮನೆಯಲ್ಲಂತೂ ಇದನ್ನ ಹೇಳಲೇಬೇಕಾಗಿಲ್ಲ. ಹಾಗೇ ಒಂದು ರಾಜ್ಯದ ಕಾನೂನು ಇನ್ನೊಂದರಲ್ಲಿ ನಡೆಯಲ್ಲ. ವಾಷಿಂಗ್ಟನ್ ಡಿ.ಸಿ.ಯಲ್ಲಿ ವಾಸ ಇರೋರ ಪ್ರತಿ ಬಂದೂಕೂ ಪೊಲೀಸರಲ್ಲಿ ನೋಂದಣಿ ಆಗಿರಬೇಕು. ಅಟ್ಲಾಂಟಾದಿಂದ ಕೆಲಸ ಬದಲಾಯಿಸಿ ಆ ಕಡೆ ಹೋಗೋರು ಸಾಮಾನಿನ ಜೊತೆ ಗನ್ನನ್ನೂ ಟ್ರಕ್ಕಿಗೆ ಹಾಕೋ ಮೊದಲು ಅಲ್ಲಿಯ ನಿಯಮ ಕೇಳಿಕೊಳ್ಳಿ.

ಆ ದಿನ ವಾಪಸ್ ಬರ್ತಾ ಕಾರಿನಲ್ಲಿ ಮೂವರೂ ಸುಮ್ಮನೆ ಕೂತಿದ್ವಿ. ಬ್ಯುಫೋರ್ಡ್ ದಾಟಿದ ಮೇಲೆ ತಮ್ಮ ಕೇಳಿದ, "ಅಣ್ಣ, ಆ ಕೋರ್ಸು ನಾನೂ ಮಾಡ್ಬಹುದಾ?" ಅಂತ. "ಮಾಡಪ್ಪ, ಧಾರಾಳವಾಗಿ ಮಾಡು" ಅಂದೆ. ಅವನ ಅಣ್ಣ ಸ್ಟೀರಿಂಗ್ ಹಿಡ್ಕೊಂಡೇ "ನಾನೂ ಇನ್ನೊಂದ್ಸಲ ಕೂರ್ತೀನಿ" ಅಂದ್ರು. ಹೋದ ವಾರ ಇಬ್ಬರೂ ಡಮ್ಮಿ ತೋಟೆ ಎಲ್ಲಿ ಸಿಗುತ್ತೆ ಅಂತ ಫೋನ್ ಮಾಡಿದ್ರು. ತಮ್ಮನಿಗೆ "ಲೈಸೆನ್ಸ್ ಕೈಗೆ ಬರೋ ತನಕ ನೀನು ಬರೀ ನೋಡ್ತಾ ಕೂರು" ಅಂತ ಮತ್ತೊಮ್ಮೆ ಹೇಳಿದೆ.

ಮುಂದಿನ ತಿಂಗಳು ಲೀಫ್ ಬ್ಲೋವರ್. ಈ ಸಲ ಖಂಡಿತ. ಎಲೆ ಉದುರೋಕೆ ಶುರುವಾಗಿದೆ, ಕಾರ್ಬ್ಯುರೇಟರಿನಲ್ಲಿ ಹೋದ ವರ್ಷದ ಪೆಟ್ರೋಲ್ ಹಾಗೇ ಬಿಟ್ಟೋರು ಅಷ್ಟರೊಳಗೆ ಅದನ್ನ ಚೆಲ್ಲಿಡಿ.